ಡಂಕರ್ಕ್: ಭರತ-ಇಳಿತ ಬಲ್ಲವರ ಕಣ್ಣಲ್ಲಿ

ಕ್ರಿಸ್ಟೋಫರ್ ನೋಲನ್ ಅವರ ‘ಡಂಕರ್ಕ್’ (2017) ನೋಡಿದವರ ದೂರು ಸಾಮಾನ್ಯವಾಗಿ ಮೂರು: ಕಥೆ ಇಲ್ಲ, ಪಾತ್ರಗಳ ಹೆಸರು ನೆನಪುಳಿಯುವುದಿಲ್ಲ, ಕಾಲ ಗೊಂದಲ. ಕಾರವಾರದ ಬೈತಖೋಲ್ ಬಂದರು ನೋಡಿ ಬೆಳೆದವರಿಗೆ ಮೊದಲ ದೂರು ಒಪ್ಪಿಗೆಯಾಗುವುದು ಕಷ್ಟ. ಇಲ್ಲಿ ಕಥೆ ಇರುವುದೇ ನೀರಿನ ಆಳದಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಸುತ್ತುವರಿದ ಬ್ರಿಟಿಷ್ ಮತ್ತು ಮಿತ್ರಪಡೆಗಳ ಸೈನಿಕರನ್ನು ಫ್ರಾನ್ಸ್‌ನ ಡಂಕರ್ಕ್‌ನಿಂದ ಕಡಲ ಮೂಲಕ ಪಾರುಮಾಡಿದ್ದೇ ಚಿತ್ರದ ವಸ್ತು. ಆ ತೀರದ ಸಮುದ್ರ ಬಹುದೂರ ಆಳವಿಲ್ಲ. ಯುದ್ಧನೌಕೆ ದಡಕ್ಕೆ ಬಂದರೆ ತಳ ಕಚ್ಚುತ್ತದೆ. ಅದಕ್ಕೇ ಹಡಗು ನಿಲ್ಲಿಸಲೆಂದು ಕಟ್ಟಿರದ ಅಲೆತಡೆಗೋಡೆಯ ಮೇಲೆ ಸೈನಿಕರ ಸಾಲು, ಅದಕ್ಕೇ ಸಣ್ಣ ದೋಣಿಗಳಿಗೆ ಕರೆ. 1940ರ ಮೇ 26ರಿಂದ ಜೂನ್ 4ರೊಳಗೆ 3,38,000ಕ್ಕೂ ಹೆಚ್ಚು ಮಂದಿ ಪಾರಾದರು.

ಟ್ರಾಲರ್‌ ದೃಶ್ಯವನ್ನು ಗಮನವಿಟ್ಟು ನೋಡಿ. ಇಳಿತದಲ್ಲಿ ಮರಳಿಗೆ ಕೂತ ಬೋಟಿನ ಹೊಟ್ಟೆಯೊಳಗೆ ಸೈನಿಕರು ಭರತಕ್ಕಾಗಿ ಅಡಗಿ ಕಾಯುತ್ತಾರೆ. ಹೊರಗಿನಿಂದ ಗುಂಡು ಬೀಳುತ್ತದೆ, ಹಲಗೆಯಲ್ಲಿ ತೂತು. ಬೋಟು ಎತ್ತಬೇಕಾದ ಭರತದ ನೀರೇ ತೂತಿನಿಂದ ಒಳಗೆ ನುಗ್ಗುತ್ತದೆ. ಮುಚ್ಚಲು ಕೈ ಇಟ್ಟರೆ ಮುಂದಿನ ಗುಂಡು ಕೈಗೇ. ಕೊನೆಗೆ ಭಾರ ಇಳಿಸಲು ಯಾರು ಹೊರಹೋಗಬೇಕೆಂಬ ಜಗಳ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಬೋಟು ಸಿಕ್ಕಿಬೀಳುವುದನ್ನು ಕಂಡವರಿಗೆ ಇದಕ್ಕೆ ವಿವರಣೆ ಬೇಡ. ಭರತ ತಿರುಗಿದ್ದನ್ನು ದಡಕ್ಕೆ ಮರಳುವ ಹೆಣಗಳಿಂದ ತಿಳಿಯುವ ಮಾತು ಇದೇ ಚಿತ್ರದಲ್ಲಿದೆ. ಯುದ್ಧಚಿತ್ರಗಳಲ್ಲಿ ಸಮುದ್ರವನ್ನು ಇಷ್ಟು ನಿಜವಾಗಿ ತೋರಿಸಿದ್ದು ಅಪರೂಪ.

ಕಾಲದ ಆಟ ನೋಲನ್‌ಗೆ ಹಳೆಯದು. ‘ಮೆಮೆಂಟೊ’ (2000) ಹಿಂದುಮುಂದಾಗಿ ಓಡುತ್ತದೆ, ‘ಇನ್ಸೆಪ್ಷನ್’ನಲ್ಲಿ (2010) ಕನಸಿನ ಒಂದೊಂದು ಪದರಕ್ಕೂ ಒಂದೊಂದು ವೇಗ. ಇಲ್ಲಿ ಗೋಡೆಯ ಮೇಲೆ ಒಂದು ವಾರ, ಕಡಲಲ್ಲಿ ಒಂದು ದಿನ, ಆಕಾಶದಲ್ಲಿ ಒಂದು ಗಂಟೆ. ಮೂರನ್ನೂ ಒಟ್ಟಿಗೆ ಹೆಣೆದಿದ್ದಾರೆ. ಗೊಂದಲವಾದರೆ ಕಿಲಿಯನ್ ಮರ್ಫಿಯ ಪಾತ್ರ ಹಿಡಿದುಕೊಳ್ಳಿ. ಹಗಲಲ್ಲಿ ಮುಳುಗಿದ ಹಡಗಿನ ಮೇಲೆ ನಡುಗುತ್ತ ಕೂತವನು, ಆಮೇಲೆ ಬರುವ ರಾತ್ರಿಯ ದೃಶ್ಯದಲ್ಲಿ ಧೈರ್ಯವಾಗಿ ಆಜ್ಞೆ ಕೊಡುತ್ತಾನೆ. ಆ ರಾತ್ರಿ ಮೊದಲು, ಈ ಹಗಲು ನಂತರ. ಅಲ್ಲಿಂದ ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ. ಸಂಕಲನ, ಧ್ವನಿ ಸಂಕಲನ, ಧ್ವನಿ ಮಿಶ್ರಣಕ್ಕೆ ಆಸ್ಕರ್ ಬಂದವು. ನೋಲನ್‌ಗೆ ನಿರ್ದೇಶನದ ಮೊದಲ ನಾಮನಿರ್ದೇಶನವೂ ಇದರಿಂದಲೇ. ಪ್ರಶಸ್ತಿ ಕೈಸೇರಿದ್ದು ಮುಂದೆ ‘ಓಪನ್‌ಹೈಮರ್’ಗೆ.

ಮನೆಯಲ್ಲಿ ನೋಡುವವರು ಟಿವಿಯ ಸ್ಪೀಕರ್ ನಂಬಬೇಡಿ. ಗಡಿಯಾರದ ಟಿಕ್‌ಟಿಕ್ ಮತ್ತು ಎಂಜಿನ್ ಸದ್ದಿನಡಿ ಮಾತು ಮುಚ್ಚಿಹೋಗುತ್ತದೆ. ಹೆಡ್‌ಫೋನ್ ಹಾಕಿ, ಸಬ್‌ಟೈಟಲ್ ಇಟ್ಟುಕೊಳ್ಳಿ, ಚಲನೆಯನ್ನು ಕೃತಕವಾಗಿ ನಯಗೊಳಿಸುವ ಟಿವಿಯ ‘ಮೋಷನ್ ಸ್ಮೂಥಿಂಗ್’ ಆಫ್ ಮಾಡಿ. ಬ್ಲೂರೇಯಲ್ಲಿ ಚಿತ್ರದ ಎತ್ತರ ಆಗಾಗ ಬದಲಾಗುವುದು ದೊಡ್ಡ ಪರದೆಯ ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ದೃಶ್ಯಗಳಿಂದ, ಟಿವಿಯ ದೋಷವಲ್ಲ. 106 ನಿಮಿಷ, ನಡುವೆ ನಿಲ್ಲಿಸಿದರೆ ಬಿಗಿ ಸಡಿಲುತ್ತದೆ.

ಚಿತ್ರದಲ್ಲಿ ಭಾರತೀಯ ಸೈನಿಕರೇ ಕಾಣುವುದಿಲ್ಲ ಎಂದು ಭಾರತದ ನೋಡುಗರು ಎತ್ತಿದ ಇನ್ನೊಂದು ಆಕ್ಷೇಪ ಮಾತ್ರ ಪೂರ್ತಿ ನ್ಯಾಯವಾದದ್ದು. ಬ್ರಿಟಿಷ್ ಭಾರತದ ಸೇನೆಗೆ ಸಾಮಗ್ರಿ ಸಾಗಿಸುತ್ತಿದ್ದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ಹೇಸರಗತ್ತೆ ದಳಗಳ ಯೋಧರೂ ಡಂಕರ್ಕ್‌ನಿಂದ ಪಾರಾದವರಲ್ಲಿದ್ದರು. ನೌಕಾನೆಲೆ ಐಎನ್‌ಎಸ್ ಕದಂಬ ಇರುವ ಕಾರವಾರದವರಿಗೆ ಈ ಕೊರತೆ ಇನ್ನಷ್ಟು ಚುಚ್ಚುತ್ತದೆ. ಅಷ್ಟುದ್ದದ ಸಾಲುಗಳಲ್ಲಿ ಆ ಯೋಧರಿಗೂ ಒಂದು ಶಾಟ್‌ ಕೊಡಬೇಕಿತ್ತು.