ಅಪ್ಪನ ಬುಲೆಟ್‌ಗೆ ಹಳದಿ ಲೈಟು ಹಾಕಿಸಿದ ಹಾಸನದ ಅಂಗಡಿ

ಅಂಗಡಿಗೆ ಬೋರ್ಡಿಲ್ಲ, ಹೆಸರು ಕೇಳಬೇಡಿ. ಹಾಸನದಲ್ಲಿ ಬಿ.ಎಂ. ರಸ್ತೆಯಿಂದ ಒಳಗೆ ತಿರುಗಿದರೆ ಒಂದಷ್ಟು ಗ್ಯಾರೇಜುಗಳಿವೆ. ಒಂದರ ಮುಂದೆ ಅಂಬಾಸಿಡರ್ ಕಾರೊಂದು ಬಾನೆಟ್ ಎತ್ತಿಕೊಂಡು ವರ್ಷಗಟ್ಟಲೆಯಿಂದ ನಿಂತಿದೆ, ಅದರ ಪಕ್ಕದ ಹತ್ತಡಿ ಶಟರ್ ಇವರದ್ದು. ಆಟೋ ಎಲೆಕ್ಟ್ರಿಷಿಯನ್ ಕೆಲಸ. ಅಲ್ಲಿ ನಮ್ಮಪ್ಪನ ಬುಲೆಟ್‌ಗೆ ಹಳೇ ಕಾಲದ ಎರಡು ಹಳದಿ ಲೈಟು ಹಾಕಿಸಿ ಒಂದು ಮಳೆಗಾಲ ಪೂರ್ತಿ ಓಡಿಸಿದ್ದೇನೆ. ಈಗ ಬರೆದರೆ ತಪ್ಪಿಲ್ಲ ಅನ್ನಿಸಿತು.

ಗಾಡಿ 1984ರ ಬುಲೆಟ್ 350. ಅಪ್ಪ ಆಲ್ದೂರು ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ತೋಟದ ಸಾಹುಕಾರ್ರು ಜೀಪು ತಗೊಂಡಾಗ ಈ ಗಾಡಿಯನ್ನು ಅಪ್ಪನಿಗೆ ಕೊಟ್ಟರು, ದುಡ್ಡು ಸಂಬಳದಲ್ಲಿ ಹಿಡಿದುಕೊಂಡರು. ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು. ಮೊದಲು 6 ವೋಲ್ಟ್ ಇತ್ತು, ಹೆಡ್‌ಲೈಟು ಹಾಕಿದರೆ ಗಾಡಿ ಬರ್ತಾ ಇದೆ ಅಂತ ಬೇರೆಯವರಿಗೆ ಗೊತ್ತಾಗುತ್ತಿತ್ತೇ ಹೊರತು ನಮಗೆ ರಸ್ತೆ ಕಾಣುತ್ತಿರಲಿಲ್ಲ. ಆಮೇಲೆ ಯಾವಾಗಲೋ ಕರೆಂಟು ಹುಟ್ಟಿಸುವ ಸ್ಟೇಟರ್, ಬ್ಯಾಟರಿ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್, ಹಾರ್ನ್, ಬಲ್ಬು ಎಲ್ಲಾ ಬದಲಾಯಿಸಿ 12 ವೋಲ್ಟ್ ಮಾಡಿಸಿದೆವು.

ಈಗ ಲೈಟಿನ ಹುಚ್ಚು ಎಲ್ಲಿಂದ ಹತ್ತಿತು ಅಂದರೆ, ಅಮೆರಿಕದ ಹಳೇ ಹಾರ್ಲೆ ಡೇವಿಡ್ಸನ್ ಗಾಡಿಗಳ ಫೋಟೋ ನೋಡಿ. 1965ರಲ್ಲಿ ಬಂದ ಎಲೆಕ್ಟ್ರಾ ಗ್ಲೈಡ್ ನೋಡಿದ್ದೀರಲ್ಲ, ನಡುವೆ ದೊಡ್ಡ ಹೆಡ್‌ಲೈಟು, ಆಚೆ ಈಚೆ ಒಂದೊಂದು ಕ್ರೋಮ್ ಲೈಟು, ಮಡ್‌ಗಾರ್ಡ್ ಮೇಲೆ ಇನ್ನೊಂದು ಪುಟಾಣಿ. ದೂರ ದೂರ ಹೋಗೋ ಗಾಡಿಗೆ ಆ ಗತ್ತು ಒಪ್ಪುತ್ತದೆ. ಬುಲೆಟ್ ಮುಖ ಬೇರೆ ಹುಟ್ಟಾ ಮುಕ್ಕಣ್ಣ. 1954ರಿಂದಲೂ ಹೆಡ್‌ಲೈಟ್ ಡೂಮ್ ಮೇಲೆ ಟೈಗರ್ ಲ್ಯಾಂಪ್ ಅನ್ನೋ ಎರಡು ಪುಟಾಣಿ ಲೈಟು ಇದ್ದೇ ಇವೆ. ಅದಕ್ಕೆ ಇನ್ನೆರಡು ಕಣ್ಣು ಸೇರಿಸಿದರೆ ಹೇಗಿರುತ್ತೆ ಅಂತ ತಲೆಗೆ ಹೊಕ್ಕಿತು, ಮುಗೀತು ಕತೆ.

ಮೊದಲು ಹೋದದ್ದು ಬೇರೆ ಒಂದು ಕಡೆ. ಊರು ಹೇಳಲ್ಲ, ಅಂಗಡಿನೂ ಹೇಳಲ್ಲ. ಫಳಫಳ ಹೊಳೆಯುವ ಎರಡು ಲೈಟು, ಒಂದೊಂದು 55 ವ್ಯಾಟ್, ಅರ್ಧ ಗಂಟೆಯಲ್ಲಿ ಹಾಕಿ ಕಳಿಸಿದರು. ಗೋಡೆಗೆ ಬಿಟ್ಟರೆ ಮದುವೆ ಮನೆ. ಹತ್ತು ದಿನ ಖುಷಿಯಾಗಿದ್ದೆ. ಹನ್ನೊಂದನೇ ದಿನ ರಾತ್ರಿ ಕೊಟ್ಟಿಗೆಹಾರದಿಂದ ವಾಪಸ್ ಬರುವಾಗ ಎದುರಿಗೆ ಕೈ ಚಾಚಿದರೆ ಕೈ ಕಾಣದಷ್ಟು ಮಂಜು, ಎರಡೂ ಲೈಟು ಹಾಕಿಕೊಂಡೇ ಬಂದೆ. ಮೊದಲು ಇಂಜಿನ್ ಎರಡು ಸಲ ಕೆಮ್ಮಿತು. ಆಮೇಲೆ ಲೈಟು ಕೆಂಪಗಾಯಿತು. ಆಮೇಲೆ ಎಲ್ಲಾ ನಿಂತೇಹೋಯಿತು. ಕಿಕ್ ಹೊಡೆದು ಹೊಡೆದು ಕಾಲು ಬಿದ್ದುಹೋಯಿತೇ ಹೊರತು ಗಾಡಿ ಹತ್ತಲಿಲ್ಲ. ತಮಾಷೆ ಅಂದರೆ ಡೂಮ್ ಮೇಲಿನ ಆಂಪಿಯರ್ ಮೀಟರ್ ದಾರಿಯುದ್ದಕ್ಕೂ ಪ್ಲಸ್ ಕಡೆಗೇ ಇತ್ತು, ಚಾರ್ಜ್ ಆಗ್ತಾ ಇದೆ ಅಂದುಕೊಂಡು ನಾನು ನಿಶ್ಚಿಂತೆಯಾಗಿದ್ದೆ. ಕೊನೆಗೆ ಪಿಕಪ್ ಒಂದರಲ್ಲಿ ಹಾಕಿಕೊಂಡು ಮನೆಗೆ ತಂದೆ. ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದುಕೊಂಡು ಗಾಡಿಗೆ ಒಂದು ಸುತ್ತು ಬಂದು, "ಇಷ್ಟೊಂದು ಲೈಟ್ ಹಾಕಿಸ್ಕೊಂಡು ಕತ್ತಲಲ್ಲಿ ಬಂದ್ಯಲ್ಲೋ ಮಾರಾಯ" ಅಂದರು. ಅಷ್ಟೇ. ಅದು ಬೈಗುಳಕ್ಕಿಂತ ಜಾಸ್ತಿ ಆಯಿತು.

ಹಾಸನದ ಅಂಗಡಿ ಹೇಳಿದ್ದು ನಮ್ಮ ಮೆಕ್ಯಾನಿಕ್. ಇಂಜಿನ್ ಕೆಲಸ ಏನಿದ್ದರೂ ನಾನು ಮಾಡ್ತೀನಿ, ಕರೆಂಟಿನ ಕೆಲಸಕ್ಕೆ ಅಲ್ಲಿಗೆ ಹೋಗಿ ಅಂದ. ಬ್ಯಾಟರಿ ಚಾರ್ಜ್ ಮಾಡಿಸಿಕೊಂಡು, ಚಿಕ್ಕಮಗಳೂರಿಂದ ಬೇಲೂರು ಮೇಲೆ 60 ಚಿಲ್ಲರೆ ಕಿಲೋಮೀಟರ್ ಹೋದೆ.

ಅಲ್ಲಿನವರಿಗೆ ಅರವತ್ತು ದಾಟಿರಬಹುದು. ಕನ್ನಡಕವನ್ನು ಹಣೆ ಮೇಲೆ ಏರಿಸಿಕೊಂಡು ಗಾಡಿ ನೋಡಿದರು. ಹೊಸ ಲೈಟನ್ನು ಮುಟ್ಟಲೂ ಇಲ್ಲ. "ಸ್ಟಾರ್ಟ್ ಮಾಡಿ ಸರ್" ಅಂದರು. ಮಾಡಿದೆ. "ಲೈಟ್ ಹಾಕಿ." ಹಾಕಿದೆ. ಬಗ್ಗಿ ಮೀಟರ್ ಮುಳ್ಳನ್ನೇ ನೋಡಿದರು, ಬೆರಳಲ್ಲಿ ಗಾಜಿಗೆ ಟಕ್ ಟಕ್ ಅಂತ ಬಡಿದರು. "ಮುಳ್ಳು ಸುಳ್ಳು ಹೇಳ್ತಾ ಇದೆ ಸರ್. ಯಾರ್ ಮಾಡಿದ್ದು ಈ ಕೆಲ್ಸ?"

ಆಮೇಲೆ ಹೇಳಿದ್ದು ಇದು. ಬುಲೆಟ್‌ನಲ್ಲಿ ಬ್ಯಾಟರಿಗೆ ಹೋಗುವ ಬರುವ ಕರೆಂಟೆಲ್ಲ ಆ ಮೀಟರ್ ಮೂಲಕವೇ ಹಾಯಬೇಕು. ಬ್ಯಾಟರಿಗೆ ತುಂಬುತ್ತಿದ್ದರೆ ಮುಳ್ಳು ಪ್ಲಸ್ಸು, ಬ್ಯಾಟರಿಯಿಂದ ಖಾಲಿಯಾಗುತ್ತಿದ್ದರೆ ಮೈನಸ್ಸು. ಆದರೆ ಹಿಂದಿನವರು ಲೈಟಿನ ವೈರನ್ನು ಮೀಟರ್ ಹತ್ತಿರಕ್ಕೇ ತಂದಿರಲಿಲ್ಲ, ಸೀದಾ ಬ್ಯಾಟರಿ ಟರ್ಮಿನಲ್‌ಗೆ ಸಿಕ್ಕಿಸಿದ್ದರು. ಹಾಗಾಗಿ ಇಂಜಿನ್ ಕಡೆಯಿಂದ ಬರುವ ಚಾರ್ಜು ಮಾತ್ರ ಮುಳ್ಳಿಗೆ ಗೊತ್ತು, ಹಿಂಬಾಗಿಲಿನಿಂದ ಹೋಗುತ್ತಿರುವ ಕರೆಂಟು ಗೊತ್ತೇ ಇಲ್ಲ. 55ರ ಎರಡು ಅಂದರೆ 110 ವ್ಯಾಟ್, 12 ವೋಲ್ಟಿಗೆ 9 ಆಂಪಿಯರ್ ಮೇಲಾಯಿತು. ಅದರ ಜೊತೆಗೆ ಹೆಡ್‌ಲೈಟು, ಕಾಯಿಲ್. ಈ ಗಾಡಿ ಅಷ್ಟು ಎಲ್ಲಿಂದ ತರಬೇಕು? ಇದನ್ನು ಅವರು ಕ್ಲಾಸ್ ತಗೊಂಡ ಹಾಗೆ ಹೇಳಲಿಲ್ಲ, ಟೇಪು ಬಿಚ್ಚುತ್ತಾ ಬಿಚ್ಚುತ್ತಾ ಹೇಳಿದರು. ಟೇಪಿನ ಒಳಗೆ ಎರಡು ವೈರು ಸುಮ್ನೆ ಹೊಸೆದು ಬಿಟ್ಟಿದ್ದರು, ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಫ್ಯೂಸೇ ಇರಲಿಲ್ಲ. ಪೆಟ್ರೋಲ್ ಟ್ಯಾಂಕ್ ಅಡಿಯಲ್ಲಿ! ನನಗೆ ಅಲ್ಲೇ ಬೆವರು ಬಂತು.

ಮೊದಲಿನ ಅಂಗಡಿಯವರು ಹಾಕಿದ್ದ ಲೈಟು ಬೇಡ ಅಂದವರು, ಒಳಗಿನಿಂದ ಒಂದು ಮರದ ಪೆಟ್ಟಿಗೆ ತಂದರು. ಅಂಬಾಸಿಡರ್‌ಗೆ ಹಾಕುತ್ತಿದ್ದ ಹಳದಿ ಫಾಗ್ ಲೈಟುಗಳು, ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದರು. ತಗಡಿನ ಬಾಡಿ, ದಪ್ಪ ಗಾಜು, ಗಾಜಿನ ಮೇಲೆ ಉದ್ದುದ್ದ ಗೆರೆ. ಕೈಗೆ ತಗೊಂಡರೆ ಭಾರ ಗೊತ್ತಾಗುತ್ತದೆ. ಆರು ಲೈಟಿನ ಒಳಗನ್ನು ಟಾರ್ಚ್ ಬಿಟ್ಟು ನೋಡಿ, ರಿಫ್ಲೆಕ್ಟರ್ ಕಪ್ಪಾಗದೇ ಇರುವ ಎರಡನ್ನು ಆರಿಸಿದರು. ಅದಕ್ಕೆ 35 ವ್ಯಾಟ್ ಬಲ್ಬು.

ನಾನು ಅತಿಬುದ್ಧಿವಂತನ ಹಾಗೆ "ಎಲ್ಇಡಿ ಬಲ್ಬ್ ಹಾಕಿದ್ರೆ ಕರೆಂಟ್ ಉಳಿಯುತ್ತಲ್ವಾ ಅಣ್ಣ" ಅಂದೆ. ಉಳಿಯುತ್ತೆ, ಆದರೆ ಈ ರಿಫ್ಲೆಕ್ಟರ್ ಮಾಡಿರೋದು ಸಣ್ಣ ತಂತಿಯೊಂದು ಇಂಥ ಜಾಗದಲ್ಲೇ ಉರಿಯುತ್ತೆ ಅನ್ನೋ ಲೆಕ್ಕದಲ್ಲಿ, ಎಲ್ಇಡಿ ಆ ಜಾಗದಲ್ಲಿ ಕೂರಲ್ಲ, ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ ಅಂದರು. 2024ರ ಜುಲೈಯಿಂದ ಕಣ್ಣು ಕುಕ್ಕುವ ಎಲ್ಇಡಿ ಲೈಟಿಗೆ ನಮ್ಮ ರಾಜ್ಯದಲ್ಲಿ ಪೊಲೀಸರು ಕೇಸು ಹಾಕುವುದಕ್ಕೆ ಶುರು ಮಾಡಿದ್ದೂ ನೆನಪಿರಲಿ. ಟೈಗರ್ ಲ್ಯಾಂಪಿಗೆ ಮಾತ್ರ ಬೆಚ್ಚನೆ ಬಣ್ಣದ ಸಣ್ಣ ಎಲ್ಇಡಿ ಹಾಕಿಕೊಟ್ಟರು, ಅದು ಬರೀ ಅಂದಕ್ಕೆ ತಾನೇ.

ಹಳದಿ ಬಗ್ಗೆ ಒಂದು ಮಾತು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಹಾಗೇನಿಲ್ಲ. ಮಂಜಿನ ಹನಿ ಬೆಳಕಿನ ಲೆಕ್ಕದಲ್ಲಿ ತುಂಬಾ ದೊಡ್ಡದು, ಅದು ಬಿಳಿ ಹಳದಿ ಅಂತ ಭೇದ ಮಾಡದೆ ಎಲ್ಲವನ್ನೂ ಒಂದೇ ಥರ ಚೆದುರಿಸುತ್ತದೆ. ಮಂಜಲ್ಲಿ ಕೆಲಸಕ್ಕೆ ಬರುವುದು ಲೈಟು ಕೆಳಗಿರುವುದು, ಬೆಳಕು ಅಗಲವಾಗಿ, ಚಪ್ಪಟೆಯಾಗಿ ರಸ್ತೆ ಮೇಲೇ ಬೀಳುವುದು. ಕಣ್ಣಿಗೆ ಹಳದಿ ಸ್ವಲ್ಪ ಹಿತ, ಅದು ನಿಜ. ಫ್ರಾನ್ಸಿನಲ್ಲಿ 1993ರವರೆಗೂ ಎಲ್ಲಾ ಕಾರಿಗೂ ಹಳದಿ ಹೆಡ್‌ಲೈಟೇ ಕಡ್ಡಾಯ ಇತ್ತಂತೆ, ಹಳೇ ಕಾಲದ ಗಾಡಿ ಅಂದ ಕೂಡಲೇ ನಮಗೆ ಹಳದಿ ನೆನಪಾಗುವುದಕ್ಕೆ ಅದೂ ಒಂದು ಕಾರಣ ಇರಬೇಕು.

ಹಾಗಾಗಿ ಹಾರ್ಲೆ ಥರ ಹೆಡ್‌ಲೈಟಿನ ಪಕ್ಕದಲ್ಲಿ ಬೇಕು ಅನ್ನೋ ನನ್ನ ಆಸೆ ಅಲ್ಲಿಗೇ ಮುಗಿಯಿತು. ಲೆಗ್ ಗಾರ್ಡ್‌ಗೆ, ಆದಷ್ಟು ಕೆಳಗೆ. ಸ್ವಲ್ಪ ಮುನಿಸಿಕೊಂಡೆ. ಈಗ ನೋಡಿದರೆ ಕೆಳಗಿರುವುದೇ ಚೆಂದ, ಗಾಡಿಗೆ ಮೀಸೆ ಬಂದ ಹಾಗಿದೆ.

ವೈರಿಂಗ್ ಬಗ್ಗೆ ಇನ್ನೂ ಹೇಳಬೇಕು, ಈ ಅಂಗಡಿಗೆ ನಾನು ಮಾರ್ಕು ಕೊಡುವುದೇ ಅದಕ್ಕೆ. ಹ್ಯಾಂಡಲ್ ಮೇಲಿನ ಸ್ವಿಚ್ಚಿನಲ್ಲಿ ಲೈಟಿನ ಕರೆಂಟು ಹರಿಯುವುದೇ ಇಲ್ಲ. ಅದು ರಿಲೇಗೆ, ಅಂದರೆ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಇನ್ನೊಂದು ಸ್ವಿಚ್ಚಿಗೆ, ಸನ್ನೆ ಮಾಡುತ್ತದೆ ಅಷ್ಟೇ, ದೊಡ್ಡ ಕರೆಂಟು ದಪ್ಪ ವೈರಿನಲ್ಲಿ ಫ್ಯೂಸು, ರಿಲೇ ದಾಟಿ ಸೀದಾ ಲೈಟಿಗೆ. ಸಣ್ಣ ವೈರು ಹಾಕಿದರೆ ಏನಾಗುತ್ತೆ ಅಂದರೆ, ಇಂಥ ಬಲ್ಬಿಗೆ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕಮ್ಮಿ ಸಿಕ್ಕರೂ ಬೆಳಕು ಹತ್ತರಲ್ಲಿ ಮೂರು ಪಾಲು ಕಮ್ಮಿಯಾಗುತ್ತದೆ. ಬಲ್ಬು ಚೆನ್ನಾಗಿಲ್ಲ ಅಂತ ನಾವು ಬಲ್ಬಿಗೆ ಬೈಯುತ್ತೇವೆ. ರಿಲೇಗೆ ಹೋಗುವ ಲೈನನ್ನು ಈ ಸಲ ಮೀಟರ್‌ನ ಇಂಜಿನ್ ಕಡೆಯ ಬದಿಯಿಂದ ತೆಗೆದರು, ಇನ್ನು ಮುಳ್ಳು ಸುಳ್ಳು ಹೇಳುವ ಹಾಗಿಲ್ಲ. ಪ್ರತಿ ವೈರಿನ ತುದಿಗೂ ತಿಂಬಲ್ ಅನ್ನೋ ಲೋಹದ ಟೋಪಿ ಹಾಕಿ ಒತ್ತಿದರು, ಅದರ ಮೇಲೆ ಸ್ಲೀವ್. ಅರ್ತ್ ವೈರಿಗೆ ಲೆಗ್ ಗಾರ್ಡ್‌ನ ಪೇಂಟ್ ನಂಬಲಿಲ್ಲ, ಬೇರೆ ವೈರು ಎಳೆದು ಚಾಸಿಗೆ ಕೊಟ್ಟರು. ಎಲ್ಲಾ ಮುಗಿದ ಮೇಲೆ ಲೈಟು ಹಾಕಿಕೊಂಡು ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ತಿರುಗಿಸಿದರು, ವೈರು ಎಲ್ಲಾದರೂ ಜಗ್ಗುತ್ತಾ, ಲೈಟು ಮಿಣುಕುತ್ತಾ ಅಂತ. ಹುಡುಗನ ಕೈಗೆ ಕೊಡದೆ ಖುದ್ದಾಗಿ ಮಾಡಿದರು.

ಸಂಜೆ ಕತ್ತಲಾಗುವ ತನಕ ನನ್ನನ್ನು ಬಿಡಲಿಲ್ಲ. ಎದುರಿನ ಅಂಗಡಿಯ ಶಟರ್ ಮೇಲೆ ಚಾಕ್‌ಪೀಸಿನಲ್ಲಿ ಅಡ್ಡ ಗೆರೆ ಎಳೆದರು, ಗಾಡಿಯಿಂದ ಅಲ್ಲಿಗೆ ಇಪ್ಪತ್ತೈದು ಅಡಿ ಹೆಜ್ಜೆಯಲ್ಲಿ ಅಳೆದರು. ನಾನು ಗಾಡಿ ಮೇಲೆ ಕೂತೆ. ಸಾಲದು ಅಂತ ಹಿಂದೆ ಅವರ ಹುಡುಗನನ್ನೂ ಕೂರಿಸಿದರು. ಹಿಂದೆ ಒಬ್ಬರು ಕೂತರೆ ಮುಂದಿನ ಬೆಳಕು ಮೇಲೇಳುತ್ತಲ್ಲ, ಅದಕ್ಕೆ. ಬೆಳಕಿನ ಮೇಲಿನ ಅಂಚು ಗೆರೆಗಿಂತ ನಾಲ್ಕು ಬೆರಳು ಕೆಳಗೆ ಬಂದ ಮೇಲೆ ನಟ್ಟು ಬಿಗಿ ಮಾಡಿದರು. ಬುಲೆಟ್ ನಡುಕಕ್ಕೆ ಸಾಮಾನ್ಯ ನಟ್ಟು ನಿಲ್ಲಲ್ಲ ಅಂತ ಒಳಗೆ ನೈಲಾನ್ ಇರುವ ನಟ್ಟು, ಅಡಿಯಲ್ಲಿ ರಬ್ಬರ್ ವಾಷರ್. ಇಷ್ಟು ದಿನವಾದರೂ ಅಲ್ಲಾಡಿಲ್ಲ.

ದುಡ್ಡು: ಜೋಡಿ ಲೈಟಿಗೆ 1,600, ರಿಲೇ, ಫ್ಯೂಸು, ವೈರು, ಸ್ವಿಚ್ಚು ಸೇರಿ 650, ಕೂಲಿ 1,200. ಮೊದಲಿನ ಅಂಗಡಿಗೆ ಕೊಟ್ಟಿದ್ದು ಇದಕ್ಕಿಂತ ಜಾಸ್ತಿ.

ತಕರಾರು ಇಲ್ಲ ಅಂತ ಅಂದುಕೊಳ್ಳಬೇಡಿ. ಹೇಳಿದ ದಿನಕ್ಕೆ ಕೆಲಸ ಆಗಲ್ಲ. ನನಗೆ ಗುರುವಾರ ಅಂದವರು ಮುಂದಿನ ಮಂಗಳವಾರ ಮಾಡಿದರು, ನಡುವೆ ಒಂದು ಸಲ ಸುಮ್ನೆ ಹೋಗಿ ಬಂದೆ. ಫೋನ್ ಎತ್ತಲ್ಲ. ಬಿಲ್ಲು ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೊಡುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಶಟರ್ ಅರ್ಧ ಇಳಿದಿರುತ್ತದೆ, ಆಗ ಕರೆಯಬೇಡಿ. ಇನ್ನು ಆ ಸ್ವಿಚ್ಚು. 1984ರ ಗಾಡಿ, ಅಂಬಾಸಿಡರ್ ಲೈಟು, ಅದರ ನಡುವೆ ಕೆಂಪು ಗುಂಡಿಯ ಪ್ಲಾಸ್ಟಿಕ್ ಸ್ವಿಚ್ಚು ಒಂದು ಹ್ಯಾಂಡಲ್ ಮೇಲೆ ಕೂತು ಕಣ್ಣಿಗೆ ಚುಚ್ಚುತ್ತದೆ. ಹಿತ್ತಾಳೆಯ ಹಳೇ ಟಾಗಲ್ ಸ್ವಿಚ್ಚು ಇಲ್ವಾ ಅಂದರೆ, "ನೀರ್ ಹೋಗುತ್ತೆ ಸರ್" ಅಂತ ಒಂದೇ ಮಾತಲ್ಲಿ ಮುಗಿಸಿದರು. ಅಂದದ ವಿಷಯಕ್ಕೆ ಅವರ ಹತ್ತಿರ ವಾದ ಮಾಡಿ ಗೆಲ್ಲುವುದು ಕಷ್ಟ.

ಓಡಿಸಿ ನೋಡಿದ್ದು ಆಗಸ್ಟಿನಲ್ಲಿ, ಅದೇ ದಾರಿ. ಚಿಕ್ಕಮಗಳೂರಿಂದ ಮೂಡಿಗೆರೆ, ಅಲ್ಲಿಂದ ಕೊಟ್ಟಿಗೆಹಾರ. ಮೂಡಿಗೆರೆ ದಾಟಿದ ಮೇಲೆ ಮಂಜು ಇಳಿಯಿತು. ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಏನೂ ಇಲ್ಲ. ಡಿಪ್ ಮಾಡಿ ಹಳದಿ ಹಾಕಿದೆ. ದೂರ ಏನೂ ಕಾಣಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಟಾರಿನ ಎಡ ಅಂಚು ಕಂಡಿತು, ಅಂಚಿನ ಹುಲ್ಲು ಕಂಡಿತು, ಅದರ ಪಕ್ಕದ ಚರಂಡಿ ಕಂಡಿತು. ನನಗೆ ಬೇಕಿದ್ದದ್ದು ಅಷ್ಟೇ. ಮುಳ್ಳು ನೋಡಿದೆ. 50ರ ಸ್ಪೀಡಲ್ಲಿದ್ದಾಗ ನಡುವೆ ಇತ್ತು, ತಿರುವಲ್ಲಿ ನಿಧಾನ ಮಾಡಿದಾಗ ಮೈನಸ್ ಕಡೆಗೆ ಜಾರಿತು. ನಿಂತ ಗಾಡಿಯಲ್ಲಿ ಹಳದಿ ಲೈಟು ಉರಿಸಬೇಡಿ ಅಂತ ಅವರು ಹೇಳಿದ್ದು ಅದಕ್ಕೇ. ಎದುರಿಗೆ ಬಂದ ಬಸ್ಸಿನ ಡ್ರೈವರ್ ಒಬ್ಬರೂ ನನಗೆ ಡಿಮ್ ಡಿಪ್ ಹೊಡೆಯಲಿಲ್ಲ, ಮೊದಲಿನ ಅಂಗಡಿಯ ಲೈಟಿಗೆ ಎಲ್ಲರೂ ಹೊಡೆಯುತ್ತಿದ್ದರು.

ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಹೊರಗೆ ಬಂದರೆ ಬೆಂಗಳೂರಿನ ನಾಲ್ಕು ಹುಡುಗರು ಹೊಸ ಗಾಡಿಗಳನ್ನು ಬಿಟ್ಟು ಇದರ ಮುಂದೆ ಕೂತು ಫೋಟೋ ತೆಗೆಯುತ್ತಿದ್ದರು. ಲೈಟು ಆನ್ ಮಾಡಿ ಅಂಕಲ್ ಅಂದರು. ಗಾಡಿ ನಿಂತಿದೆ, ಆಗಲ್ಲ ಅಂದೆ. ಟೈಗರ್ ಲ್ಯಾಂಪ್ ಮಾತ್ರ ಹಾಕಿ ತೋರಿಸಿದೆ.

ಎಡಗಡೆ ಲೈಟಿನ ಗಾಜಿನ ಒಳಗೆ ಮೂರು ಹನಿ ನೀರು ಸೇರಿದೆ, ಗ್ಯಾಸ್ಕೆಟ್ ಹಳೇದು. ಮಂಗಳವಾರ ತಗೊಂಡು ಬನ್ನಿ ಅಂದಿದ್ದಾರೆ. ಅಂದರೆ ಶುಕ್ರವಾರ ಹೋಗಬೇಕು.