‘ಕಾಫಿಹೌಸ್ ಮಿಸ್ಟರೀಸ್’: ಆರು ವರ್ಷ, ಹದಿನೆಂಟು ಪುಸ್ತಕ, ಒಂದು ಕೈಗಿರಣಿ

‘ಕಾಫಿಹೌಸ್ ಮಿಸ್ಟರೀಸ್’ ಪತ್ತೇದಾರಿ ಸರಣಿಯ ಐದನೇ ಪುಸ್ತಕ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊಲೆಗಾರ ಯಾರೆಂದು ಗೊತ್ತಾಗಿತ್ತು, ಅದರ ಯೋಚನೆಯಲ್ಲ. ಕೆಫೀನ್ ಇಲ್ಲದೆಯೇ ಹುಟ್ಟುವ ಕಾಫಿ ಗಿಡ ನಿಜವಾಗಿಯೂ ಇದೆಯಾ ಅನ್ನೋದು ತಲೆ ಕೊರೆಯುತ್ತಿತ್ತು. ಕೊನೆಗೆ ಎದ್ದು ಹುಡುಕಿದೆ. ಇದೆ! 2004ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಇಥಿಯೋಪಿಯಾ ಮೂಲದ ಸುಮಾರು 3,000 ಅರೇಬಿಕಾ ಗಿಡಗಳನ್ನು ಪರೀಕ್ಷಿಸಿ, ಕೆಫೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದ 3 ಗಿಡಗಳನ್ನು ಗುರುತಿಸಿದ್ದರು. ನಾನು ಓದಿದ ಆ ಐದನೇ ಪುಸ್ತಕ, ‘ಡಿಕ್ಯಾಫಿನೇಟೆಡ್ ಕಾರ್ಪ್ಸ್’, ಬಂದದ್ದು 2007ರಲ್ಲಿ. ಅಂಥದ್ದೇ ಒಂದು ಗಿಡದ ಸುತ್ತ ಅದರ ಕತೆ. ಪತ್ತೇದಾರಿ ಪುಸ್ತಕ ಓದಿ ನಡುರಾತ್ರಿ ಸಸ್ಯಶಾಸ್ತ್ರ ಹುಡುಕಿದ್ದು ಅದೇ ಮೊದಲು. ಈ ಸರಣಿ ನನಗೆ ಯಾಕೆ ಬೇಕು ಅನ್ನೋದು ಗೊತ್ತಾದದ್ದೂ ಆವತ್ತೇ.

ಗೊತ್ತಿಲ್ಲದವರಿಗೆ ಚುಟುಕಾಗಿ: ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ, ಹಡ್ಸನ್ ಬೀದಿಯಲ್ಲಿ, ‘ವಿಲೇಜ್ ಬ್ಲೆಂಡ್’ ಅನ್ನುವ ನೂರು ವರ್ಷ ದಾಟಿದ ಕಾಫಿ ಅಂಗಡಿ. ಅದನ್ನು ನೋಡಿಕೊಳ್ಳುವವಳು ಕ್ಲೇರ್ ಕೋಸಿ. ಮಾಜಿ ಗಂಡ ಮಟೆಯೊ ದೇಶದೇಶ ಸುತ್ತಿ ಬೀಜ ಕೊಂಡು ತರುತ್ತಾನೆ. ಅವನ ತಾಯಿ, ಎಲ್ಲರೂ ‘ಮದಾಂ’ ಅನ್ನುವ ಹಿರಿಯಾಕೆ, ಅಂಗಡಿಯ ಒಡತಿ. ಡಿಟೆಕ್ಟಿವ್ ಮೈಕ್ ಕ್ವಿನ್ ಬಗ್ಗೆ ನೀವೇ ಓದಿಕೊಳ್ಳಿ. ಬರೆಯುವ ಕ್ಲಿಯೊ ಕೊಯ್ಲ್ ಒಬ್ಬರಲ್ಲ, ಆಲಿಸ್ ಅಲ್ಫಾನ್ಸಿ ಮತ್ತು ಮಾರ್ಕ್ ಸೆರಾಸಿನಿ ಎಂಬ ಗಂಡ ಹೆಂಡತಿ. 2003ರಲ್ಲಿ ಶುರುವಾದದ್ದು 2024ಕ್ಕೆ 21 ಪುಸ್ತಕ ಆಗಿದೆ. ನಾನು ಓದಿರುವುದು 18.

ಮೊದಲ ಪುಸ್ತಕ ‘ಆನ್ ವಾಟ್ ಗ್ರೌಂಡ್ಸ್’. ಆ ಕೊನೆಯ ಪದಕ್ಕೆ ಆಧಾರ ಅನ್ನುವ ಅರ್ಥವೂ ಇದೆ, ಕಾಫಿಪುಡಿ, ಚರಟ ಅನ್ನುವ ಅರ್ಥವೂ ಇದೆ. ಬೆಳಿಗ್ಗೆ ಕ್ಲೇರ್ ಅಂಗಡಿಗೆ ಬಂದರೆ ಸಹಾಯಕಿ ಪ್ರಜ್ಞೆ ಇಲ್ಲದೆ ಬಿದ್ದಿದ್ದಾಳೆ, ಸುತ್ತಲೂ ಕಾಫಿಪುಡಿ ಚೆಲ್ಲಾಡಿದೆ. ಬಾಗಿಲು ಮುರಿದ ಗುರುತಿಲ್ಲ, ಹಾಗಾಗಿ ಪೊಲೀಸರಿಗೆ ಅದು ಅಪಘಾತ. ಕ್ಲೇರ್ ಒಪ್ಪುವುದಿಲ್ಲ. ಅಲ್ಲಿ ಕೆಲಸ ಮಾಡುವ ಕೈಗಳು ಅವಳಿಗೆ ಗೊತ್ತು, ಅಂಗಡಿ ಹೇಗಿರಬೇಕು ಅನ್ನೋದು ಗೊತ್ತು. ಮೂರನೆಯ ‘ಲ್ಯಾಟೆ ಟ್ರಬಲ್’ ಕೂಡ ಹೀಗೇ. ಲ್ಯಾಟೆಯಲ್ಲಿ ವಿಷ, ಬಂಧನವಾಗುವುದು ಅದನ್ನು ಮಾಡಿಕೊಟ್ಟ ಬರಿಸ್ತಾ. ಕೌಂಟರಿನಿಂದ ಗಿರಾಕಿಯ ತುಟಿ ಮುಟ್ಟುವ ತನಕ ಆ ಕಪ್ಪು ಯಾರ ಯಾರ ಕೈ ದಾಟಿತು ಅನ್ನೋದೇ ಪ್ರಶ್ನೆ. ಕಾಫಿ ಸಾಕ್ಷಿ ಹೇಳುವ ಪುಸ್ತಕಗಳು ಇವು. ಇವುಗಳ ಮಟ್ಟವೇ ಬೇರೆ.

ಕಾಫಿ ಬರೀ ಅಲಂಕಾರಕ್ಕೆ ನಿಂತಾಗ ಸರಣಿ ಸೊರಗುತ್ತದೆ. ನಾಲ್ಕನೆಯ ‘ಮರ್ಡರ್ ಮೋಸ್ಟ್ ಫ್ರಾಥಿ’ ಹ್ಯಾಂಪ್ಟನ್ಸ್‌ನ ಶ್ರೀಮಂತರ ಕಡಲತೀರಕ್ಕೆ ಹೋಗುತ್ತದೆ. ಬಂಗಲೆ, ಪಾರ್ಟಿ, ಗುಂಡೇಟು ಎಲ್ಲ ಇದೆ. ಕಾಫಿಯ ಜಾಗದಲ್ಲಿ ಬೇರೆ ಯಾವ ಪಾನೀಯ ಇಟ್ಟರೂ ಕತೆಗೆ ಏನೂ ಆಗುತ್ತಿರಲಿಲ್ಲ.

ನನ್ನ ಓದು ಶನಿವಾರ ಬೆಳಗಿನ ಜಾವದ್ದು. ಮನೆಯವರು ಏಳುವ ಮೊದಲು ಒಂದೂವರೆ ಗಂಟೆ ಸಿಗುತ್ತದೆ. ಮೊದಲೆಲ್ಲ ತಿಂಗಳಿಗಾಗುವಷ್ಟು ಪುಡಿ ತಂದು ಡಬ್ಬಿ ತುಂಬಿಸುತ್ತಿದ್ದೆ. ಬೀಜ ಪುಡಿಯಾದ ಗಳಿಗೆಯಿಂದಲೇ ಪರಿಮಳ ಹಾರಿಹೋಗಲು ಶುರು ಅನ್ನೋದನ್ನು ಈ ಪುಸ್ತಕಗಳು ಮನಸ್ಸಿಗೆ ನಾಟಿಸಿದ ಮೇಲೆ ಒಂದು ಕೈಗಿರಣಿ ಕೊಂಡೆ. ಈ ಆರು ವರ್ಷದಲ್ಲಿ ಸರಣಿಗಾಗಿ ಮಾಡಿದ ದೊಡ್ಡ ಖರ್ಚು ಅದೇ, ಪುಸ್ತಕಗಳಲ್ಲಿ ಹೆಚ್ಚಿನವು ಗ್ರಂಥಾಲಯದಿಂದ ತಂದವು. ಗಿರಣಿಯನ್ನು ಎರಡು ಮಂಡಿಯ ನಡುವೆ ಹಿಡಿದು ತಿರುಗಿಸಬೇಕು. ಮೊದಲು ಕಟಕಟ ಅಂತ ಬಿಗಿಯಾಗಿ ಹಿಡಿಯುತ್ತದೆ, ಬರಬರುತ್ತ ಸದ್ದು ಮೆತ್ತಗಾಗಿ, ಕೊನೆಯ ಬೀಜ ಹೋದ ಕೂಡಲೇ ಹಿಡಿಕೆ ಹಗುರಾಗುತ್ತದೆ. ಪುಡಿಯನ್ನು ಫ್ರೆಂಚ್ ಪ್ರೆಸ್‌ಗೆ, ಅಂದರೆ ಜಾಲರಿ ಒತ್ತಿ ಕಾಫಿ ಬಸಿಯುವ ಪಾತ್ರೆಗೆ, ಹಾಕಿ, ಕುದಿ ನಿಂತ ನೀರು ಸುರಿದು, ನಾಲ್ಕು ನಿಮಿಷ ಕಾಯುವುದು. ಆ ನಾಲ್ಕು ನಿಮಿಷ ಹಿಂದಿನ ವಾರ ನಿಲ್ಲಿಸಿದ ಅಧ್ಯಾಯದ ಕೊನೆಯ ಎರಡು ಪುಟಗಳಿಗೆ ಮೀಸಲು. ಒತ್ತಿ ಬಸಿದ ಮೇಲಷ್ಟೇ ಹೊಸ ಅಧ್ಯಾಯ.

ಪ್ರತಿ ಪುಸ್ತಕದ ಕೊನೆಗೂ ಅಡುಗೆ ವಿಧಾನಗಳಿವೆ. ಎಲ್ಲರೂ ಕತೆ ಮುಗಿದ ಮೇಲೆ ಓದುತ್ತಾರೆ, ನಾನು ಮೊದಲೇ ಓದುತ್ತೇನೆ. ಆಮೇಲೆ ಕತೆಯ ನಡುವೆ ಆ ಕೇಕೋ ಬಿಸ್ಕತ್ತೋ ಬಂದಾಗ ಗೊತ್ತಿದ್ದವರು ಎದುರಾದ ಹಾಗಿರುತ್ತದೆ. ಅಳತೆಯೆಲ್ಲ ಅಮೆರಿಕದ ಕಪ್ಪು, ಫ್ಯಾರನ್‌ಹೀಟ್ ಲೆಕ್ಕ. 350 ಡಿಗ್ರಿ ಅಂದರೆ ನಮ್ಮ ಓವನ್ನಿನ 177 ಅಂತ ಚೀಟಿ ಬರೆದು ಅಡುಗೆಮನೆ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೇನೆ.

ಇಷ್ಟು ಪ್ರೀತಿ ಇದ್ದರೂ ಹದಿಮೂರನೆಯ ಪುಸ್ತಕದ ನಂತರ ಎಂಟು ತಿಂಗಳು ನಾನು ಈ ಸರಣಿಯನ್ನು ಮುಟ್ಟಲಿಲ್ಲ. ಕ್ಲೇರ್ ಮೇಲೆ ಸಿಟ್ಟು ಬಂದಿತ್ತು. ಎಸ್ಪ್ರೆಸೊ ಐದು ಸೆಕೆಂಡ್ ಹೆಚ್ಚು ಇಳಿದರೂ ಕಹಿ ಪತ್ತೆ ಹಚ್ಚುವ ಹೆಂಗಸು, ಬೆಳೆದ ಮಗಳ ತಾಯಿ, ಅಪಾಯದ ಜಾಗಕ್ಕೆ ಮತ್ತೆ ಮತ್ತೆ ಒಬ್ಬಳೇ ನುಗ್ಗುತ್ತಾಳೆ. ಪೊಲೀಸನೊಬ್ಬ ಅವಳ ಜೀವನದಲ್ಲೇ ಇದ್ದಾನೆ, ಒಂದು ಫೋನ್ ಮಾಡಿ ಹೋಗಬಹುದಲ್ಲ! ಎರಡು ಸಲ ಆದರೆ ಧೈರ್ಯ ಅನ್ನೋಣ. ಹತ್ತು ಪುಸ್ತಕ ಓದಿದವರಿಗೆ ಅದು ಲೇಖಕರ ಅನುಕೂಲವಾಗಿ ಕಾಣುತ್ತದೆ.

ಇನ್ನೊಂದು, ಇದು ಒಂದೆರಡು ಪುಸ್ತಕ ಓದಿ ಬಿಟ್ಟವರಿಗೆ ಗೊತ್ತಾಗದ ದೋಷ. ಮದುವೆ ಹೇಗೆ ಮುರಿಯಿತು, ಮಟೆಯೊ ಎಂಥವನು, ಮದಾಂ ಅಂಗಡಿಯನ್ನು ಹೇಗೆ ಉಳಿಸಿಕೊಂಡರು, ಕ್ವಿನ್ ಮುಖ ಹೇಗಿದೆ, ಇದೆಲ್ಲ ಪ್ರತಿ ಪುಸ್ತಕದ ಆರಂಭದಲ್ಲೂ ಹೊಸಬರಿಗಾಗಿ ಮತ್ತೆ ಬರುತ್ತದೆ. ಹನ್ನೆರಡನೇ ಸಲ ಓದುವಾಗ ನಾನು ಪುಟ ಹಾರಿಸಿದೆ. ಪುಟ ಹಾರಿಸಿ ಓದುವುದು ನನಗೆ ಹಿಡಿಸುವುದಿಲ್ಲ, ಹಾಗಾಗಿ ನಿಲ್ಲಿಸಿಯೇ ಬಿಟ್ಟೆ.

ಮತ್ತೆ ಹಿಡಿದದ್ದು ಗ್ರಂಥಾಲಯದಲ್ಲಿ ಮುಂದಿನದು ಕಣ್ಣಿಗೆ ಬಿತ್ತು ಅಂತ ಅಷ್ಟೇ. ಹದಿನಾಲ್ಕರಿಂದ ಹದಿನೇಳರ ತನಕ ಪರವಾಗಿಲ್ಲ ಅನ್ನುತ್ತ ಓದಿದೆ. ಆಮೇಲೆ ಹದಿನೆಂಟನೆಯದು, 2019ರ ‘ಬ್ರೂಡ್ ಅವೇಕನಿಂಗ್’.

ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನ ಬೆಂಚಿನ ಮೇಲೆ ಕ್ಲೇರ್‌ಗೆ ಎಚ್ಚರವಾಗುತ್ತದೆ. ಅಲ್ಲಿಗೆ ಹೇಗೆ ಬಂದಳೋ ಗೊತ್ತಿಲ್ಲ. ಹತ್ತು ವರ್ಷಕ್ಕೂ ಮೀರಿದ ನೆನಪು ಅಳಿಸಿಹೋಗಿದೆ. ಅಂದರೆ ನಾನು ಓದಿದ ಹದಿನೇಳು ಪುಸ್ತಕಗಳೂ ಅವಳ ತಲೆಯಿಂದ ಹೋಗಿವೆ! ಕ್ವಿನ್ ಅವಳಿಗೆ ಅಪರಿಚಿತ. ಅವನು ಯಾರು, ಅವಳಿಗೆ ಎಷ್ಟು ಬೇಕಾದವನು ಅನ್ನೋದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹನ್ನೆರಡು ಸಲ ಓದಿ ಬೇಸತ್ತ ಆ ಪರಿಚಯಗಳೆಲ್ಲ ನನಗೆ ಬಾಯಿಪಾಠ ಆಗಿದ್ದವು. ಅವಳು ಒಂದೊಂದು ಮುಖದ ಎದುರೂ ತಡವರಿಸುವಾಗ ನಾನು ಮನಸ್ಸಿನಲ್ಲೇ ಅವಳಿಗೆ ಹೇಳಿಕೊಡುತ್ತಿದ್ದೆ. ಲೇಖಕರು ಈ ಪುಸ್ತಕಕ್ಕಾಗಿಯೇ ಅಷ್ಟು ಸಲ ಹೇಳಿದ್ದರೋ ಇಲ್ಲವೋ, ಹಾರಿಸಿದ ಪುಟಗಳಿಗಾಗಿ ನನಗೆ ನಿಜವಾಗಿ ಪಶ್ಚಾತ್ತಾಪವಾಯಿತು. ಆವತ್ತು ಪ್ರೆಸ್‌ನ ಕಾಫಿ ನಾಲ್ಕು ನಿಮಿಷ ಕಳೆದು ಎಷ್ಟೋ ಹೊತ್ತು ಹಾಗೇ ಕೂತು ಕಹಿಯಾಗಿತ್ತು. ಅದನ್ನೇ ಕುಡಿದೆ.

ಓದಬೇಕೆಂದಿರುವವರು ದಯವಿಟ್ಟು ಹದಿನೆಂಟರಿಂದ ಶುರು ಮಾಡಬೇಡಿ. ಒಂದು, ಮೂರು, ಐದು ಓದಿ. ಹಿಡಿಸಿದರೆ ಬಿಟ್ಟವನ್ನೂ ಸೇರಿಸಿ ಸಾಲಾಗಿ ಮುಂದುವರಿಯಿರಿ. ದುಡ್ಡು ಕೊಟ್ಟು ಇಟ್ಟುಕೊಳ್ಳಬೇಕಾದವು ನನ್ನ ಲೆಕ್ಕದಲ್ಲಿ ಒಂದು, ಐದು, ಹದಿನೆಂಟು ಮಾತ್ರ. ಉಳಿದವಕ್ಕೆ ಗ್ರಂಥಾಲಯ ಸಾಕು. ರಕ್ತ, ಕ್ರೌರ್ಯ ತಡೆಯದವರು ಧೈರ್ಯವಾಗಿ ಓದಬಹುದು. ಬಿಗಿಯಾದ ಒಗಟೇ ಬೇಕು, ಕೊನೆಯ ಪುಟದ ತನಕ ಸುಳಿವೇ ಸಿಗಬಾರದು ಅನ್ನುವವರಿಗೆ ನಿರಾಸೆಯಾದೀತು. ಅರ್ಧದಷ್ಟು ಪುಸ್ತಕಗಳಲ್ಲಿ ಕೊಲೆಗಾರ ಯಾರೆಂದು ನನಗೆ ಮೊದಲೇ ಗೊತ್ತಾಗಿದೆ.

ಹತ್ತೊಂಬತ್ತನೆಯ ‘ಹನಿ ರೋಸ್ಟೆಡ್’ ಮೇಜಿನ ಮೇಲಿದೆ. ಹಿಂದಿನ ಪುಟಗಳ ಅಡುಗೆ ಓದಿ ಆಯಿತು, ಜೇನುತುಪ್ಪ ತಂದಿಟ್ಟಿದ್ದೇನೆ. ಶನಿವಾರಕ್ಕೆ ಇನ್ನೂ ಎರಡು ದಿನ.