ಬಿಳಿ ಕೋಲು, ಎರಡೂವರೆ ವರ್ಷ ಬಳಸಿದ ಮೇಲೆ: ತಕರಾರು ಕೋಲಿನದಲ್ಲ, ತುದಿಯದು

ಕಣ್ಣು ಕಾಣದವರು ನೆಲ ತಡವಿ ನಡೆಯಲು ಹಿಡಿಯುವ, ನಾಲ್ಕು ಮಡಿಕೆಯ ಸಾದಾ ಅಲ್ಯೂಮಿನಿಯಂ ಬಿಳಿ ಕೋಲು. ಅದರ ತೂಕದಂಥ ವಿವರ ಎಲ್ಲ ಕಡೆ ಸಿಗುತ್ತದೆ, ಅದನ್ನು ಇಲ್ಲಿ ಬರೆಯಲ್ಲ. ನಾನು ಬರೆಯಲು ಕೂತಿದ್ದು ಅದರ ತುದಿಯ ಸಲುವಾಗಿ. ಹೆಬ್ಬೆರಳಿನಷ್ಟು ಉದ್ದದ ಒಂದು ನೈಲಾನ್ ತುಂಡು ಅದು. ಅದೊಂದು ಸವೆದರೆ ಕೋಲು ಕೈಯಲ್ಲಿದ್ದೂ ಇಲ್ಲದ ಹಾಗೆ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಕಡೆಯ ಮೆಡಿಕಲ್ ಅಂಗಡಿಗಳನ್ನೆಲ್ಲ ಸುತ್ತಿದೆ, ಬಿಡಿ ತುದಿ ಯಾರ ಹತ್ತಿರವೂ ಇಲ್ಲ.

ನನ್ನ ಕಣ್ಣಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ನನಗಿರುವುದು ಗ್ಲಾಕೋಮಾ. ಕಣ್ಣಿನ ಒತ್ತಡ ಜಾಸ್ತಿಯಾಗಿ ನರ ಕೆಡುತ್ತಾ ಬಂತು. ನೋವಿಲ್ಲ, ಉರಿಯಿಲ್ಲ, ಹಾಗಾಗಿ ನನಗೆ ಗೊತ್ತಾಗುವಷ್ಟರಲ್ಲಿ ಅಂಚಿನ ನೋಟ ಹೋಗಿತ್ತು. ಹೋದದ್ದು ಮತ್ತೆ ಬರಲ್ಲ. ದಿನಾ ಹನಿ ಹಾಕಿಕೊಳ್ಳುವುದು ಉಳಿದದ್ದನ್ನು ಉಳಿಸಿಕೊಳ್ಳಲು. ಈಗ ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನಷ್ಟೇ ಕಾಣುತ್ತದೆ. ಇಲ್ಲಿನ ಕಾಳುಕಡಿ ಪೇಟೆ ಗಂಜ್‌ನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ, ಬಿಲ್ಲಿನ ಸಣ್ಣ ಅಕ್ಷರ ಓದುತ್ತೇನೆ, ಆದರೆ ಬಾಗಿಲ ಹತ್ತಿರ ಇಟ್ಟ ತೊಗರಿ ಚೀಲಕ್ಕೆ ಎಡವುತ್ತೇನೆ.

ಇದನ್ನು ಜನರಿಗೆ ತಿಳಿಸಿ ಹೇಳುವುದೇ ಕಷ್ಟ. ಒಮ್ಮೆ ಮಿಲ್ಲಿನ ಹಮಾಲಿಯೊಬ್ಬ ಕೇಳಿದ, "ಏನ್ರಿ ಮುನೀಮರ, ಮೊಬೈಲ್ ಓದ್ತೀರಿ, ಮತ್ತ ಈ ಕೋಲ್ ಯಾಕ್ರಿ?" ಅವನು ಅಣಕಿಸಲಿಲ್ಲ, ನಿಜವಾಗಿ ತಿಳಿಯದೇ ಕೇಳಿದ. ಆದರೂ ಆ ದಿನವೆಲ್ಲ ಮನಸ್ಸಿಗೆ ಕಸಿವಿಸಿ ಆಗಿತ್ತು.

ಮೊದಲ ಕೋಲು ನನಗೆ ಒಂದು ಶಿಬಿರದಲ್ಲಿ ಸಿಕ್ಕಿತು. ಹೆಸರು ಬರೆದುಕೊಂಡರು, ಕೋಲು ಕೊಟ್ಟರು, ಫೋಟೋ ತೆಗೆದರು. ಅಳತೆ ನೋಡಲಿಲ್ಲ, ಹಿಡಿಯುವುದು ಹೇಗೆ ಅಂತ ತೋರಿಸಲಿಲ್ಲ. ಅದು ನನ್ನ ಸೊಂಟಕ್ಕೆ ಬರುತ್ತಿತ್ತು. ವಯಸ್ಸಾದವರು ಊರುಗೋಲು ಹಿಡಿದಂತೆ ಊರಿಕೊಂಡು ಎರಡು ದಿನ ನಡೆದೆ, ಬೆನ್ನು ನೋವು ಬಂತು. ಮಡಚಿ ಬ್ಯಾಗಿನ ತಳಕ್ಕೆ ಹಾಕಿದ್ದು, ನಾಲ್ಕು ತಿಂಗಳು ಅಲ್ಲೇ ಇತ್ತು. ನಾಚಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ಮನೆ ಮುಂದಿನ ಚರಂಡಿಯಲ್ಲಿ ಕಾಲು ಹೋಗಿ ಮೊಣಕಾಲಿನ ಚರ್ಮ ಕಿತ್ತುಬಂತು. ಹೆಂಡತಿ ಅರಿಶಿನ ಹಚ್ಚುತ್ತಾ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆ ವಾರವೇ ಪರಿಚಯದವರೊಬ್ಬರು ಶನಿವಾರದ ಗುಂಪಿಗೆ ಕರೆದುಕೊಂಡು ಹೋದರು. ದೊಡ್ಡ ಸಂಸ್ಥೆ ಏನಲ್ಲ, ಬೋರ್ಡ್ ಕೂಡ ಇಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಕೋಣೆಯಲ್ಲಿ ಏಳೆಂಟು ಜನ ಸೇರುತ್ತೇವೆ. ಎಲ್ಲರೂ ದೊಡ್ಡವರಾದ ಮೇಲೆ ಕಣ್ಣು ಕಳೆದುಕೊಂಡವರು. ಒಬ್ಬ ಕಾಕಾ ಸೈಕಲ್ ಅಂಗಡಿ ಇಟ್ಟುಕೊಂಡಿದ್ದರು, ಅವರಿಗೆ ಸಕ್ಕರೆ ಕಾಯಿಲೆಯಿಂದ ಹೋಯಿತು. ಯಾದಗಿರಿ ಕಡೆಯ ಒಬ್ಬ ಹುಡುಗನಿಗೆ ಇರುಳುಗಣ್ಣಿನಿಂದ ಶುರುವಾಗಿ ಈಗ ಹಗಲಿನದೂ ಕಡಿಮೆ ಆಗುತ್ತಿದೆ. ಕಲಿಸುವವರು ಒಬ್ಬ ಅಕ್ಕ. ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ, ಅವರಿಗೆ ಪೂರ್ತಿ ಕಾಣಲ್ಲ.

ಅಕ್ಕ ನನ್ನ ಕೋಲನ್ನು ಮೇಲಿಂದ ಕೆಳಗೆ ಮುಟ್ಟಿ ನೋಡಿದರು. ಆಮೇಲೆ ನನ್ನ ದನಿ ಎಷ್ಟು ಎತ್ತರದಿಂದ ಬರುತ್ತದೆ ಅಂತ ಕೇಳಿಸಿಕೊಂಡು, "ಇದು ನಿಮ್ದಲ್ರಿ ಅಣ್ಣಾ, ಯಾವುದೋ ಸಣ್ಣ ಹುಡುಗಂದು" ಅಂದರು. ಕೋಲು ನೆಟ್ಟಗೆ ನಿಲ್ಲಿಸಿದರೆ ಎದೆಯ ನಡುವಿನ ಎಲುಬು ಮುಗಿಯುವಲ್ಲಿಗೆ ಬರಬೇಕಂತೆ. ಉದ್ದ ಹೆಜ್ಜೆ ಹಾಕುವವರಿಗೆ ಇನ್ನೂ ಸ್ವಲ್ಪ ಜಾಸ್ತಿ. ನನ್ನ ಅಳತೆಯದನ್ನು ಕೊರಿಯರ್‌ನಲ್ಲಿ ತರಿಸಿದೆ, 500 ರೂಪಾಯಿಯೊಳಗೆ ಬಂತು. ನನ್ನ ಸಂಬಳಕ್ಕೆ ಅದು ಹೊರೆಯಲ್ಲ, ಆದರೆ ವರ್ಷಕ್ಕೆ ಎರಡು ಮೂರು ಸಲ ಹೊಸದು ಕೊಳ್ಳುವುದು ಆಗುವ ಮಾತಲ್ಲ. ಈ ಲೆಕ್ಕ ನೆನಪಿರಲಿ.

ಹಿಡಿಯುವುದನ್ನು ಕಲಿಯಲು ಮೂರು ಶನಿವಾರ ಬೇಕಾಯಿತು. ಹಿಡಿ ಹೊಕ್ಕುಳ ಎದುರಿಗಿರಬೇಕು, ತೋರುಬೆರಳು ಹಿಡಿಯ ಉದ್ದಕ್ಕೆ ಚಾಚಿರಬೇಕು. ಎಡಗಾಲು ಮುಂದೆ ಹೋಗುವಾಗ ತುದಿ ಬಲಕ್ಕೆ ತಾಗಬೇಕು, ಬಲಗಾಲು ಹೋಗುವಾಗ ಎಡಕ್ಕೆ. ಹೀಗೆ ಮಾಡಿದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ಬಂದಿರುತ್ತದೆ. ಬೀಸುವ ಅಗಲ ಭುಜಕ್ಕಿಂತ ಎರಡು ಬೆರಳು ಜಾಸ್ತಿ ಸಾಕು. ಅಕ್ಕ ಪಕ್ಕದಲ್ಲಿ ನಡೆಯುತ್ತಾ ಸದ್ದಿನಿಂದಲೇ ತಪ್ಪು ಹಿಡಿಯುತ್ತಿದ್ದರು. "ಎಡಕ ಜಾಸ್ತಿ ಹೊಂಟದ್ರಿ. ತಾಳ ಬಿಡಬ್ಯಾಡ್ರಿ." ನಾಲ್ಕನೇ ಶನಿವಾರ ಶಾಲೆಯ ವರಾಂಡದ ಈ ತುದಿಯಿಂದ ಆ ತುದಿವರೆಗೆ ಒಂದೇ ತಾಳದಲ್ಲಿ ನಡೆದೆ. ಅಕ್ಕ ಏನೂ ಅನ್ನಲಿಲ್ಲ, ಸುಮ್ನೆ ಜೊತೆಗೆ ನಡೆದರು. ಅದೇ ಶಭಾಷ್ ಅಂತ ಕಾಕಾ ಆಮೇಲೆ ಹೇಳಿದರು.

ಈ ನಡಿಗೆ ಎಲ್ಲಿಂದ ಬಂತು ಅಂತಲೂ ಅಕ್ಕನೇ ಹೇಳಿದ್ದು. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಗೆ ಬರುತ್ತಿದ್ದರು. ರಿಚರ್ಡ್ ಹೂವರ್ ಎನ್ನುವವರು ಅವರಿಗಾಗಿ ಉದ್ದವಾದ, ಹಗುರವಾದ ಕೋಲನ್ನೂ ಅದನ್ನು ಬೀಸುವ ಕ್ರಮವನ್ನೂ ರೂಪಿಸಿದರು. ಊರುಗೋಲು ಮೈಭಾರ ಹೊರುತ್ತದೆ, ಇದು ನೆಲದ ಸುದ್ದಿ ತರುತ್ತದೆ. ಅಷ್ಟು ವರ್ಷ ಕಂಡು ಆಮೇಲೆ ಕಾಣದಾದವರ ಸಲುವಾಗಿಯೇ ಮಾಡಿದ್ದು ಅಂತ ಕೇಳಿದ ದಿನ ನನ್ನ ನಾಚಿಕೆ ಅರ್ಧ ಇಳಿಯಿತು.

ಈಗ ನನ್ನ ಬೆಳಗಿನ ಕ್ರಮ ಹೇಳುತ್ತೇನೆ. ಎಂಟೂವರೆಗೆ ರೊಟ್ಟಿ ಡಬ್ಬಿ ಬ್ಯಾಗಿಗೆ ಹಾಕಿ, ಗೂಟದಿಂದ ಕೋಲು ತೆಗೆಯುತ್ತೇನೆ. ಕುಣಿಕೆ ಬಿಚ್ಚಿ ಒಂದು ಮಡಿಕೆ ಕೆಳಗೆ ಬಿಟ್ಟರೆ ಉಳಿದವು ತಾವೇ ಟಕಟಕ ಅಂತ ಕೂಡಿಕೊಳ್ಳುತ್ತವೆ. ಕೂಡಿದ ಜಾಗಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ನಮ್ಮ ಎರೆಮಣ್ಣಿನ ಧೂಳಿಗೆ ಬಿಳಿ ಬಣ್ಣ ಎರಡೇ ದಿನದಲ್ಲಿ ಕಪ್ಪಾಗುತ್ತದೆ. ಆಮೇಲೆ ನಡಿಗೆ. ನಮ್ಮ ಪಡಸಾಲೆಗೆ ಹಾಸಿದ್ದು ಶಹಾಬಾದ್ ಕಲ್ಲು, ಒರೆಸಿ ಒರೆಸಿ ನುಣ್ಣಗಾಗಿದೆ, ಅಲ್ಲಿ ತುದಿ ಟಿಕ್ ಅನ್ನುತ್ತದೆ. ಅಂಗಳದಲ್ಲಿರುವುದೂ ಅದೇ ಕಲ್ಲು, ಆದರೆ ಒರಟು, ಅಲ್ಲಿ ಟಕ್. ಗೇಟು ದಾಟಿದರೆ ಚರಂಡಿ ಮೇಲಿನ ಚಪ್ಪಡಿ, ಕೆಳಗೆ ಪೊಳ್ಳು, ಡಬ್ ಅನ್ನುತ್ತದೆ. ಎರಡನೇ ಚಪ್ಪಡಿ ಒಡೆದಿದೆ, ನಾನು ಬಿದ್ದದ್ದು ಅಲ್ಲೇ, ಅಲ್ಲಿ ಕೋಲು ಒಳಗಿಳಿಯುತ್ತದೆ. ಅದು ದಾಟಿದರೆ ಡಾಂಬರು, ಸದ್ದು ಮಂದ. ಹುಟ್ಟಿ ಬೆಳೆದ ಓಣಿ ಇದು. ಇಲ್ಲಿ ಇಷ್ಟು ಸದ್ದುಗಳಿವೆ ಅಂತ ಕಣ್ಣು ಚೆನ್ನಾಗಿದ್ದಾಗ ನನಗೆ ಗೊತ್ತೇ ಇರಲಿಲ್ಲ. ಕೋಲು ಕೊಂಡಾಗ ಬೀಳದಂತೆ ನೋಡಿಕೊಂಡರೆ ಸಾಕು ಅಂದುಕೊಂಡಿದ್ದೆ. ಬೆಳಗಿನ ಆ ಹತ್ತು ನಿಮಿಷ ನನಗೆ ಖುಷಿ ಕೊಡುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಆದರೆ ತುದಿಯನ್ನು ತಿನ್ನುವುದೂ ಅದೇ ಕಲ್ಲು. ಹೊಸ ತುದಿ ನನ್ನ ಕೈಯಲ್ಲಿ ನಾಲ್ಕು ತಿಂಗಳು ಬರುತ್ತದೆ. ಮೊದಲು ಒಂದು ಕಡೆ ಓರೆಯಾಗಿ ಸವೆಯುತ್ತದೆ. ಓರೆಯಾದ ಮೇಲೆ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳಲು ಶುರು. ಸಿಕ್ಕಿಕೊಂಡರೆ ಕೋಲು ನಿಲ್ಲುತ್ತದೆ, ನಾವು ನಿಲ್ಲಲ್ಲ, ಹಿಡಿ ನೇರ ಹೊಟ್ಟೆಗೆ ತಿವಿಯುತ್ತದೆ. ಆಮೇಲೆ ತಳ ತೂತು ಬಿದ್ದು ಅಲ್ಯೂಮಿನಿಯಂ ಕೊಳವೆಯೇ ನೆಲಕ್ಕೆ ಉಜ್ಜುತ್ತದೆ. ಟಿಕ್ ಇಲ್ಲ, ಡಬ್ ಇಲ್ಲ, ಎಲ್ಲದಕ್ಕೂ ಒಂದೇ ಕರಕರ. ಅಂಗಡಿಯಲ್ಲಿ ಕೇಳಿದರೆ, "ಬುಷ್ ಅದ ನೋಡ್ರಿ ಅಂಕಲ್, ಇದೇ ಹಾಕ್ಕೋರಿ" ಅಂತ ಊರುಗೋಲಿನ ರಬ್ಬರ್ ಬುಷ್ ಕೊಟ್ಟರು. ಹಾಕಿ ನೋಡಿದೆ. ರಬ್ಬರು ನೆಲ ಕಚ್ಚುತ್ತದೆ, ಸದ್ದು ನುಂಗುತ್ತದೆ, ಎರಡೂ ನಮಗೆ ಬೇಡದ್ದು. ಇನ್ನೊಂದು ಕಡೆ "ಹೊಸಾ ಕೋಲೇ ತಗೋರಿ" ಅಂದರು. ಚಪ್ಪಲಿಯ ಉಂಗುಷ್ಠ ಕಿತ್ತರೆ ಹೊಸ ಚಪ್ಪಲಿ ಕೊಳ್ಳುತ್ತೇವಾ? ಕೋಲು ಹಂಚುವವರು ಒಂದೊಂದು ಕೋಲಿನ ಜೊತೆ ಎರಡು ಬಿಡಿ ತುದಿ ಕೊಟ್ಟರೆ ಎಷ್ಟು ಜನರ ಕೋಲು ಮೂಲೆ ಸೇರುವುದು ತಪ್ಪುತ್ತಿತ್ತು ಅಂತ ನನಗೆ ಈಗಲೂ ಸಿಟ್ಟಿದೆ.

ದಾರಿ ತೋರಿಸಿದ್ದು ಮತ್ತೆ ಶನಿವಾರದ ಗುಂಪೇ. ಅಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ತಿಂಗಳಿಗೆ ತಲಾ 20 ರೂಪಾಯಿ ಹಾಕುತ್ತೇವೆ. ಹೈದರಾಬಾದಿಗೋ ಬೆಂಗಳೂರಿಗೋ ಹೋಗುವವರು ಆ ದುಡ್ಡಿನಲ್ಲಿ ತುದಿಗಳನ್ನು ತರುತ್ತಾರೆ. ಬೇಕಾದವರು ತೆಗೆದುಕೊಳ್ಳುವುದು, ಲೆಕ್ಕ ನಾನೇ ಬರೆಯುತ್ತೇನೆ. ಕಳೆದ ವರ್ಷ ಉರುಳುವ ತುದಿ ಬಂತು, ಸಣ್ಣ ನಿಂಬೆಹಣ್ಣಿನಷ್ಟು ದಪ್ಪ, ನೆಲ ಬಿಡದೇ ಉರುಳಿಕೊಂಡು ಹೋಗುತ್ತದೆ. ಸಂದಿಗೆ ಸಿಕ್ಕಿಕೊಳ್ಳುವುದು ತುಂಬಾ ಕಡಿಮೆ. ಸ್ವಲ್ಪ ಭಾರ, ಮೊದಲ ವಾರ ಮಣಿಕಟ್ಟು ನೋಯುತ್ತದೆ. ಹೊರಗೆ ಅದನ್ನೇ ಹಾಕುತ್ತೇನೆ.

ಎರಡನೇ ವರ್ಷ ಒಳಗಿನ ಎಲಾಸ್ಟಿಕ್ ಹೋಯಿತು, ಮಡಿಕೆಗಳು ಬೇರೆ ಬೇರೆಯಾಗಿ ಕೈಗೆ ಬಂದವು. ಸೈಕಲ್ ಕಾಕಾ ನನ್ನನ್ನು ಟೇಲರ್ ಸಾಮಾನಿನ ಅಂಗಡಿಗೆ ಕಳಿಸಿ ದುಂಡನೆಯ ಎಲಾಸ್ಟಿಕ್ ತರಿಸಿದರು. ಹಳೆಯ ಸೈಕಲ್ ಕಡ್ಡಿಯ ತುದಿ ಬಗ್ಗಿಸಿ, ಎಲಾಸ್ಟಿಕ್ ಸಿಕ್ಕಿಸಿ, ನಾಲ್ಕೂ ಕೊಳವೆಯಲ್ಲಿ ತೂರಿಸಿದರು. ಎಳೆದು, ಬೆರಳಿನಿಂದ ಮೀಟಿ ಬಿಗಿ ನೋಡಿ, ಮತ್ತೆ ಎರಡಿಂಚು ಎಳೆದು ಗಂಟು ಹಾಕಿದರು. ಕಣ್ಣು ಹೋದ ಮೇಲೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದವರು ಅವರು. ಕೋಲು ಟಕಟಕ ಅಂತ ಕೂಡಿದಾಗ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಈಗ ಗುಂಪಿನ ಎಲ್ಲ ಕೋಲುಗಳ ರಿಪೇರಿಯೂ ಅವರದೇ.

ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಕಾರ್ಡ್ (ಯುಡಿಐಡಿ) ವಿಷಯವೂ ಹೇಳಿಬಿಡುತ್ತೇನೆ, ನನ್ನ ಹಾಗೆ ನಡುವಿನ ನೋಟ ಉಳಿದವರಿಗೆ ಬೇಕಾಗುತ್ತದೆ. ಪ್ರಮಾಣಪತ್ರಕ್ಕೆ ಹೋದ ಮೊದಲ ಸಲ ಗೋಡೆಯ ಚಾರ್ಟ್ ಓದಿಸಿದರು. ಕೆಳಗಿನ ಸಾಲಿನವರೆಗೂ ಓದಿದೆ. "ಕಣ್ಣು ಚೆನ್ನಾಗಿದೆಯಲ್ಲ" ಅಂತ ವಾಪಸ್ ಕಳಿಸಿದರು. ಯಾದಗಿರಿ ಹುಡುಗ ಇದನ್ನೇ ಅನುಭವಿಸಿದ್ದ, ಅವನೇ ಹೇಳಿಕೊಟ್ಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅಕ್ಷರ ಓದುವುದಷ್ಟೇ ಅಲ್ಲ, ನೋಟದ ಅಗಲವೂ ಲೆಕ್ಕಕ್ಕೆ ಬರುತ್ತದೆ. ಅಗಲ 40 ಡಿಗ್ರಿಗಿಂತ ಕಡಿಮೆ ಇದ್ದರೆ ಮಂದದೃಷ್ಟಿ, 10ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. ಅದನ್ನು ಅಳೆಯುವ ಪರೀಕ್ಷೆ ಪೆರಿಮೆಟ್ರಿ, ಗುಮ್ಮಟದಂಥ ಯಂತ್ರದೊಳಗೆ ಮುಖವಿಟ್ಟು ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವುದು. ಆ ರಿಪೋರ್ಟ್ ಹಿಡಿದು ಮತ್ತೆ ಹೋದೆ. ನನ್ನದು 10ಕ್ಕಿಂತ ಕಡಿಮೆ ಇತ್ತು. ಯುಡಿಐಡಿ ಕಾರ್ಡ್ ಬಂತು, ಅದರ ಮೇಲೆ ಬಸ್ ಪಾಸ್ ಆಯಿತು.

ಕೋಲಿಗೆ ತಿಳಿಯದ್ದೂ ಇದೆ. ಸೊಂಟದ ಮೇಲಿನದು ಅದಕ್ಕೆ ಗೊತ್ತಾಗಲ್ಲ. ಗಂಜ್‌ನಲ್ಲಿ ಲಾರಿಯ ತೆರೆದ ಹಿಂಬಾಗಿಲು, ಅಂಗಡಿ ಮುಂದೆ ಇಳಿಬಿಟ್ಟ ತಗಡು, ಎರಡೂ ನನ್ನ ಹಣೆಗೆ ತಾಗಿವೆ. ಮೊಣಕಾಲಿಗಿಂತ ಮೇಲಿನ ಅಡ್ಡಿಯನ್ನು ನಡುಗಿ ತಿಳಿಸುವ ಸಾಧನವನ್ನು ದೆಹಲಿ ಐಐಟಿಯವರು ರೂಪಿಸಿದ್ದಾರೆ, ಕೋಲಿನ ಹಿಡಿಗೆ ಕೂಡಿಸುವಂಥದ್ದು. ಈ ವರ್ಷ ಮಗಳ ಫೀಸ್ ಇದೆ, ಮುಂದಿನ ವರ್ಷ ನೋಡಬೇಕು. ಸದ್ಯಕ್ಕೆ ಟೋಪಿ ಹಾಕುತ್ತೇನೆ, ಅದರ ಅಂಚು ಮೊದಲು ತಾಗುತ್ತದೆ. ಮೇ ತಿಂಗಳ ಬಿಸಿಲಿಗೂ ಆಯಿತು.

ಐದಕ್ಕೆ ಎಷ್ಟು ಅಂದರೆ ಕೋಲಿಗೆ ನಾಲ್ಕೂವರೆ, ತುದಿಗೆ ಒಂದು. ಬೀದರ್, ಯಾದಗಿರಿ ಕಡೆ ಯಾವುದಾದರೂ ಅಂಗಡಿಯಲ್ಲಿ ಬಿಡಿ ತುದಿ ಮಾರುವುದು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಮಗೆ ಬೇಕಿರುವುದು ಎಲಾಸ್ಟಿಕ್‌ಗೆ ಕೊಕ್ಕೆ ಹಾಕುವ ಬಗೆಯದು, ಕೊಳವೆ ಮೇಲೆ ಸುಮ್ನೆ ತೊಡಿಸುವುದಲ್ಲ. ಡಬ್ಬಿಯಲ್ಲಿ ಈಗ ಎರಡೇ ಉಳಿದಿವೆ, ಹೋದ ಶನಿವಾರ ಆಳಂದ ಕಡೆಯಿಂದ ಹೊಸದಾಗಿ ಒಬ್ಬರು ಬಂದಿದ್ದಾರೆ. ಅವರ ಕೋಲೂ ಸೊಂಟಕ್ಕೇ ಬರುತ್ತದೆ.